ಅಂಗಳದಿಂದ ಬೀದಿಗೆ ಬಂದ ಶೂ: ಚಕ್ ಟೇಲರ್ ಜೊತೆ ಏಳು ವರ್ಷ

ನನ್ನ ಎಡಗಾಲಿನ ಶೂವಿನ ಬಿಳಿ ರಬ್ಬರ್ ಮೂತಿಯ ಮೇಲೆ ಹೆಬ್ಬೆರಳಷ್ಟು ಅಗಲದ ಕಪ್ಪು ಕಲೆಯಿದೆ. ಏಳು ವರ್ಷ ಬೈಕಿನ ಗೇರ್ ಎತ್ತಿ ಎತ್ತಿ ಮೂಡಿದ ಕಲೆ. ಬ್ರಷ್ ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಆದರೆ ರಬ್ಬರ್ ಸವೆದಿಲ್ಲ. ಇದಕ್ಕೂ ಮೊದಲು ಹಾಕುತ್ತಿದ್ದ ಬರೀ ಬಟ್ಟೆಯ ಶೂ ಇದೇ ಜಾಗದಲ್ಲಿ ವರ್ಷ ತುಂಬುವಷ್ಟರಲ್ಲಿ ತೂತಾಗಿತ್ತು. ಈ ರಬ್ಬರ್ ಮೂತಿ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್ ಆಡುವವರ ಬೆರಳು ಕಾಯುವುದಕ್ಕೆ. ಈಗ ಮೈಸೂರಿನ ರಸ್ತೆಯಲ್ಲಿ ನನ್ನ ಬೆರಳು ಕಾಯುತ್ತಿದೆ.

ಕಾನ್ವರ್ಸ್ ಕಂಪನಿಯ ಚಕ್ ಟೇಲರ್ ಆಲ್ ಸ್ಟಾರ್, ಕಪ್ಪು ಬಣ್ಣ, ಕಣಕಾಲು ಮುಚ್ಚುವ ಎತ್ತರದ್ದು. 2018ರ ದಸರಾ ಹೊತ್ತಿಗೆ ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ ಬೆಲೆಗೆ ಕೊಂಡೆ. ಕ್ಯಾನ್ವಾಸ್ ಶೂ ನನಗೆ ಹೊಸದಲ್ಲ. ಶನಿವಾರದ ಬಿಳಿ ಸಮವಸ್ತ್ರಕ್ಕೆ ಶುಕ್ರವಾರ ರಾತ್ರಿ ಶೂ ತೊಳೆದು, ಕಲೆ ಉಳಿದಲ್ಲಿ ಸೀಮೆಸುಣ್ಣ ತಿಕ್ಕಿದವರ ಪೈಕಿ ನಾನೂ ಒಬ್ಬ. ಕಾಲೇಜಿನ ಸಿಮೆಂಟ್ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೂ ಅಂಥದೇ ಶೂನಲ್ಲಿ. ಬಟ್ಟೆ ಮತ್ತು ರಬ್ಬರ್ ಸೇರಿದ ಈ ಸಾದಾ ವಸ್ತು ಜಗತ್ತಿನ ತುಂಬ ಫ್ಯಾಷನ್ ಆಗಿ ಉಳಿದದ್ದು ಹೇಗೆ ಎಂಬ ಕುತೂಹಲ ಅಲ್ಲಿಂದಲೇ ಬಂದಿರಬೇಕು.

ಮಾರ್ಕ್ವಿಸ್ ಮಿಲ್ಸ್ ಕಾನ್ವರ್ಸ್ 1908ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಊರಿನಲ್ಲಿ ರಬ್ಬರ್ ಶೂ ಕಂಪನಿ ತೆರೆದರು. ಬ್ಯಾಸ್ಕೆಟ್‌ಬಾಲ್‌ಗೆಂದೇ ಆಲ್ ಸ್ಟಾರ್ ಬಂದದ್ದು 1917ರಲ್ಲಿ. ಆದರೆ ಶೂವಿಗೆ ಹೆಸರು ತಂದವರು ಇಂಡಿಯಾನಾದ ಆಟಗಾರ ಚಕ್ ಟೇಲರ್. 1920ರ ದಶಕದ ಆರಂಭದಲ್ಲಿ ಮಾರಾಟಗಾರರಾಗಿ ಸೇರಿದ ಅವರು ಕಾರಿನಲ್ಲಿ ಶೂ ತುಂಬಿಕೊಂಡು ಊರೂರು ಸುತ್ತಿದರು. ಹೋದಲ್ಲೆಲ್ಲ ಶಾಲಾ ಕಾಲೇಜಿನ ಹುಡುಗರಿಗೆ ಆಟ ಹೇಳಿಕೊಡುವುದು, ಆ ಊರಿನ ಅಂಗಡಿಗೆ ಶೂ ಒಪ್ಪಿಸುವುದು, ಮುಂದಿನ ಊರಿಗೆ ಹೊರಡುವುದು. ಪಾಠ ಹೇಳಿದ ಮೇಷ್ಟ್ರ ಮಾತನ್ನು ಹುಡುಗರು ನಂಬಿದರು. 1930ರ ದಶಕದಲ್ಲಿ ಕಣಕಾಲಿನ ನಕ್ಷತ್ರದ ಬಿಲ್ಲೆಯ ಮೇಲೆ ಅವರ ಸಹಿಯೇ ಬಂತು. ಈ ಬಿಲ್ಲೆ ನನಗೆ ಬಹಳ ಇಷ್ಟ. ಅದು ಶೂವಿನ ಹೊರಬದಿಯಲ್ಲಿಲ್ಲ, ಕಣಕಾಲಿನ ಒಳಬದಿಯಲ್ಲಿದೆ. ಮೂಳೆಗೆ ಪೆಟ್ಟಾಗದಿರಲೆಂದು ಅಂಟಿಸಿದ ತುಂಡು ಅದು. ಅಲಂಕಾರ ಆಮೇಲೆ ಬಂದದ್ದು.

ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಬಂದ 1936ರಲ್ಲಿ ಅಮೆರಿಕದ ತಂಡ ಇದನ್ನೇ ತೊಟ್ಟಿತ್ತು. 1962ರಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗಲೂ ಅವರ ಕಾಲಲ್ಲಿ ಇದೇ ಶೂ. ಆಮೇಲೆ ಕಾಲ ಬದಲಾಯಿತು. 1969ರಲ್ಲಿ ಅಡಿಡಾಸ್ ಚರ್ಮದ ಸೂಪರ್‌ಸ್ಟಾರ್ ತಂದಿತು. ಚಕ್ ಟೇಲರ್ ತೀರಿಕೊಂಡದ್ದೂ ಅದೇ ವರ್ಷ. ಚರ್ಮದ ಶೂ ಕಾಲನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಅಟ್ಟೆ ಗಟ್ಟಿ ಇತ್ತು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ವೃತ್ತಿಪರ ಆಟಗಾರರು ಬಟ್ಟೆಯ ಶೂ ಬಿಟ್ಟಿದ್ದರು.

ಅಂಗಳ ಕೈಬಿಟ್ಟ ವಸ್ತುವನ್ನು ಬೀದಿ ಎತ್ತಿಕೊಂಡಿತು. ಅಗ್ಗದ ಬೆಲೆ ಒಂದು ಕಾರಣ, ಅರವತ್ತರ ದಶಕದ ಕೊನೆಯ ಹೊತ್ತಿಗೆ ಬಂದ ಬಗೆಬಗೆಯ ಬಣ್ಣ ಇನ್ನೊಂದು. ರಾಕ್ ಮತ್ತು ಪಂಕ್ ಸಂಗೀತದವರು, ಸ್ಕೇಟ್‌ಬೋರ್ಡ್ ಹುಡುಗರು, ಕಾಲೇಜು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಇದನ್ನು ತಮ್ಮದಾಗಿಸಿಕೊಂಡರು. ಕಂಪನಿ 2001ರಲ್ಲಿ ದಿವಾಳಿಯೆದ್ದಿತು, 2003ರಲ್ಲಿ ನೈಕಿ ಕೊಂಡಿತು. ಶೂವಿನ ಆಕಾರ ಮಾತ್ರ ಹಾಗೇ ಇತ್ತು. ಈ ಶೂ ಉಳಿದದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು: ಅಂಗಳದಲ್ಲಿ ಸೋಲಲು ಕಾರಣವಾದ ಸರಳತೆಯೇ ಬೀದಿಯಲ್ಲಿ ಅದನ್ನು ಕಾಪಾಡಿತು. ದಪ್ಪ ಅಟ್ಟೆ, ಗಾಳಿಚೀಲ, ಹೊಳೆಯುವ ಪಟ್ಟಿಗಳಿರುವ ಆಟದ ಶೂ ಐದು ವರ್ಷಕ್ಕೆ ಹಳತಾಗಿ ಕಾಣುತ್ತದೆ. ಇದರಲ್ಲಿ ಹಳತಾಗುವಂಥದ್ದು ಏನಿದೆ? ನಾನು ಜೀನ್ಸ್‌ಗೂ ಕಚೇರಿಯ ಹತ್ತಿ ಪ್ಯಾಂಟಿಗೂ ಹಾಕುತ್ತೇನೆ, ನನ್ನ ತಂಗಿ ಚೂಡಿದಾರಕ್ಕೆ ಹಾಕುತ್ತಾಳೆ. ಕಮಲಾ ಹ್ಯಾರಿಸ್ 2020ರಲ್ಲಿ ಚುನಾವಣಾ ಪ್ರಚಾರಕ್ಕೆ ಇದನ್ನು ಹಾಕಿಕೊಂಡೇ ಓಡಾಡಿದರು.

ಇನ್ನು ಕಾಲಿನ ಮಾತು. ಅಟ್ಟೆ ಚಪ್ಪಟೆ, ಪಾದದ ಕಮಾನಿಗೆ ಆಸರೆ ಕಡಿಮೆ. ನೂರು ವರ್ಷದ ಹಿಂದಿನ ವಿನ್ಯಾಸ ಹೇಗಿರಬೇಕೋ ಹಾಗಿದೆ. ಅದೇ ಚಪ್ಪಟೆ ಅಟ್ಟೆಯನ್ನು ಜಿಮ್‌ನಲ್ಲಿ ಭಾರ ಎತ್ತುವವರು ಹುಡುಕಿಕೊಂಡು ಕೊಳ್ಳುತ್ತಾರೆ, ಏಕೆಂದರೆ ಭಾರ ಬಿದ್ದಾಗ ಅದು ಮೆತ್ತಗೆ ಕುಸಿಯುವುದಿಲ್ಲ. ನಾನು ದಿನಕ್ಕೆ ಎರಡು ಮೂರು ಕಿಲೋಮೀಟರ್ ನಡೆಯುತ್ತೇನೆ, ಅಷ್ಟಕ್ಕೆ ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ದಿನ ಬೇರೆ ಶೂ ಹಾಕುತ್ತೇನೆ. ಅಂಗಾಲು ನೋವು ಇರುವವರು ಒಳಗೆ ಬೇರೆ ಮೆತ್ತೆ ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವೇ 2013ರಲ್ಲಿ ಬಂದ ಚಕ್ 70 ನೋಡಬಹುದು. ಅದರ ಬಟ್ಟೆ ದಪ್ಪ, ಒಳಮೆತ್ತೆ ಚೆನ್ನಾಗಿದೆ, ಬೆಲೆಯೂ ಹೆಚ್ಚು.

ನಮ್ಮ ಕಡೆಯ ಬದುಕಿಗೆ ಎತ್ತರದ ಶೂ ಒಂದು ವಿಷಯದಲ್ಲಿ ಹೊಂದುವುದಿಲ್ಲ. ಗೃಹಪ್ರವೇಶ, ದೇವಸ್ಥಾನ, ನೆಂಟರ ಮನೆ, ಎಲ್ಲೆಲ್ಲೂ ಹೊಸ್ತಿಲ ಹೊರಗೇ ಶೂ ಬಿಡಬೇಕು. ಒಳಗೆ ಹೋದವರು ಕಾಫಿ ಕುಡಿಯಲು ಕುಳಿತಿರುತ್ತಾರೆ, ನಾನಿನ್ನೂ ಬಾಗಿಲಲ್ಲಿ ಬಗ್ಗಿ ಲೇಸ್ ಬಿಚ್ಚುತ್ತಿರುತ್ತೇನೆ. ಅದಕ್ಕೇ 2021ರಲ್ಲಿ ಕಣಕಾಲಿನ ಕೆಳಗೇ ನಿಲ್ಲುವ ಗಿಡ್ಡ ಜೋಡಿ ತಂದೆ. ಆ ಗಿಡ್ಡ ನಮೂನೆ ಹುಟ್ಟಿದ್ದು 1957ರಲ್ಲಿ. ಹಬ್ಬ ಹರಿದಿನಕ್ಕೆ ಅದು, ಕಚೇರಿಗೆ ಎತ್ತರದ್ದು.

ತೊಳೆಯುವುದು ಸುಲಭ. ಲೇಸ್ ಬಿಚ್ಚಿ ಬೇರೆ ನೆನೆಸಿ, ಬಟ್ಟೆಗೆ ಸೋಪಿನ ನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಳಗೆ ಹಳೆ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿಳಿ ರಬ್ಬರ್ ಹಳದಿಯಾಗುತ್ತದೆ. ಮಳೆಗಾಲದಲ್ಲಿ ಹೊರಗೆ ತೆಗೆಯಬೇಡಿ. ಕ್ಯಾನ್ವಾಸ್ ಒಮ್ಮೆ ನೆನೆದರೆ ಒಣಗಲು ಎರಡು ದಿನ ಬೇಕು. ಪಾದ ಬಾಗುವ ಜಾಗದಲ್ಲಿ ಬಟ್ಟೆ ಮತ್ತು ರಬ್ಬರ್ ಪಟ್ಟಿ ನಿಧಾನವಾಗಿ ಬಿಡುವುದು ಈ ಬಗೆಯ ಎಲ್ಲ ಶೂಗಳ ಸ್ವಭಾವ. ನನ್ನದಕ್ಕೆ ಐದನೇ ವರ್ಷದಲ್ಲಿ ಬಸ್ ನಿಲ್ದಾಣದ ಬಳಿ ಶೂ ರಿಪೇರಿ ಮಾಡುವ ಹಿರಿಯರೊಬ್ಬರು ನಾಲ್ಕು ಹೊಲಿಗೆ ಹಾಕಿಕೊಟ್ಟರು. ಕಪ್ಪು ದಾರದಲ್ಲಿ ಹಾಕಿದ್ದರಿಂದ ಹುಡುಕಿದರೂ ಕಾಣುವುದಿಲ್ಲ.

ಕೊಳ್ಳುವವರು ಅಂಗಡಿಗೇ ಹೋಗಿ ಹಾಕಿ ನೋಡಿ. ಅಳತೆ ಸಾಮಾನ್ಯವಾಗಿ ಅರ್ಧ ಸೈಜ್ ದೊಡ್ಡದಿರುತ್ತದೆ. ಮೊದಲ ಜೋಡಿಗೆ ಕಪ್ಪನ್ನೇ ಆರಿಸಿ. ನನ್ನ ಅಕ್ಕನ ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದಾಗ ಇದನ್ನು ಹಾಕಿಕೊಂಡು ಆಡಲೇ ಮಾಮಾ ಎಂದು ಕೇಳಿದ. ಬೇಡ ಎಂದೆ. ಹಾರಿ ಇಳಿಯುವ ಕಾಲಿಗೆ ಇವತ್ತಿನ ಆಟದ ಶೂ ಬೇಕು. ಆಟ ಮುಗಿದ ಮೇಲೆ ಗೆಳೆಯರ ಜೊತೆ ತಿರುಗಲು ಇರಲಿ ಎಂದು ಹೇಳಿ ಮುಂದಿನ ವಾರ ಅವನಿಗೊಂದು ಕಪ್ಪು ಜೋಡಿ ಕೊಡಿಸಿದೆ.