ಬೂಷ್ಟು ಹಿಡಿದ ಸಿಡಿಯಲ್ಲಿ ಎಲ್‌ಎಲ್‌ಆರ್ ಪಾಠ

ನಲವತ್ತಮೂರನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟ ನನಗೆ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಪರೀಕ್ಷೆಯ ತಯಾರಿಗೆ ಒದಗಿದ್ದು, 2005ರ ಸುಮಾರಿಗೆ ಅಣ್ಣ ಉಡುಪಿಯ ಡ್ರೈವಿಂಗ್ ಸ್ಕೂಲೊಂದರಿಂದ ತಂದು ಕಪಾಟಿನಲ್ಲಿ ಮರೆತುಬಿಟ್ಟಿದ್ದ, ಪಾಠ ಹೇಳುವ ತಂತ್ರಾಂಶದ ಒಂದು ಸಿಡಿ. ಇಷ್ಟು ಮಳೆಗಾಲಗಳ ತೇವಕ್ಕೆ ಅದರ ಅಂಚು ಬೂಷ್ಟು ಹಿಡಿದಿತ್ತು. ಮೆತ್ತನೆಯ ಬಟ್ಟೆಯಿಂದ ಒರೆಸಿದ ಮೇಲೆ ಕಂಪ್ಯೂಟರ್ ಅದನ್ನು ಓದಿತು. ಮೊದಲು ಸಾಲು ಸಾಲಾಗಿ ದೂರು ಹೇಳಲಿದ್ದೇನೆ, ಆದ್ದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಈ ತಂತ್ರಾಂಶವನ್ನು ಅನುಸ್ಥಾಪಿಸಲು ಆಗುವುದೇ ಇಲ್ಲ. ಇದರ ಅನುಸ್ಥಾಪನಾ ಕಡತ 16 ಬಿಟ್‌ನ ಕಾಲದ್ದು, ಅಂಥದ್ದನ್ನು 64 ಬಿಟ್ ವಿಂಡೋಸ್ ನಡೆಸುವುದಿಲ್ಲ. ಕೊನೆಗೆ ಅಣ್ಣನ ಮಗ ಅಟ್ಟದಲ್ಲಿದ್ದ ವಿಂಡೋಸ್ ಎಕ್ಸ್‌ಪಿಯ ಹಳೆಯ ಗಣಕವನ್ನು ಕೆಳಗಿಳಿಸಿಕೊಟ್ಟ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡಲಿಲ್ಲ. ತಂತ್ರಾಂಶ ತೆರೆದುಕೊಂಡಾಗ ಕನ್ನಡವಿರಬೇಕಾದ ಜಾಗದಲ್ಲೆಲ್ಲ ತಲೆಯ ಮೇಲೆ ಚುಕ್ಕೆ, ಗೆರೆ, ಟೊಪ್ಪಿ ಹೊತ್ತ ರೋಮನ್ ಅಕ್ಷರಗಳು ಕುಳಿತಿದ್ದವು. ಯೂನಿಕೋಡ್ ಮನೆಮಾತಾಗುವ ಮೊದಲು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪು ಮಾಡಿದ ಪತ್ರಗಳನ್ನು ತೆರೆದು ಬೆಚ್ಚಿದವರಿಗೆ ಈ ನೋಟ ಹೊಸದಲ್ಲ. ಸಿಡಿಯಲ್ಲೇ ಇದ್ದ ನುಡಿ ಫಾಂಟನ್ನು ಹಾಕಿದೊಡನೆ ಎಲ್ಲವೂ ಸ್ವಚ್ಛ ಕನ್ನಡವಾಯಿತು.

ಇಷ್ಟು ಶ್ರಮಕ್ಕೆ ಫಲ ದೊರೆತದ್ದು ಸಂಚಾರ ಚಿಹ್ನೆಗಳ ಅಧ್ಯಾಯದಲ್ಲಿ. ಮೊಬೈಲಿನಲ್ಲಿ ಸಿಗುವ ಇಂದಿನ ಆ್ಯಪ್‌ಗಳಲ್ಲಿ ನಾನು ನೋಡಿದವು ತಪ್ಪು ಉತ್ತರಕ್ಕೆ ಕೆಂಪು, ಸರಿ ಉತ್ತರಕ್ಕೆ ಹಸಿರು ತೋರಿಸಿ ಮುಂದಿನ ಪ್ರಶ್ನೆಗೆ ಓಡುತ್ತವೆ. ಈ ಹಳೆಯ ತಂತ್ರಾಂಶವಾದರೋ ತಪ್ಪಿದವರನ್ನು ನಿಲ್ಲಿಸಿ, ಚಿಹ್ನೆಯ ಆಕಾರದಿಂದಲೇ ಪಾಠ ಆರಂಭಿಸುತ್ತದೆ: ತ್ರಿಕೋನವಾದರೆ ಎಚ್ಚರಿಕೆ, ವೃತ್ತವಾದರೆ ಕಡ್ಡಾಯ, ನೀಲಿ ಆಯತವಾದರೆ ಮಾಹಿತಿ, ‘ನಿಲ್ಲಿ’ ಎಂಬುದಕ್ಕೆ ಎಂಟು ಮೂಲೆ, ‘ದಾರಿ ಬಿಡಿ’ ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಒಂದೇ ಓರೆಗೆರೆಯಿದ್ದರೆ ವಾಹನ ನಿಲುಗಡೆ ಇಲ್ಲ, ಎರಡು ಗೆರೆಗಳು ಅಡ್ಡಹಾಯ್ದಿದ್ದರೆ ಕ್ಷಣಮಾತ್ರವೂ ನಿಲ್ಲಿಸುವಂತಿಲ್ಲ ಎಂಬ ವ್ಯತ್ಯಾಸ, ಇಷ್ಟು ವರ್ಷ ಸ್ಕೂಟರಿನ ಹಿಂದೆ ಕುಳಿತು ಊರು ಸುತ್ತಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಯಾರು ಮೊದಲು ಹೋಗಬೇಕೆಂಬ ಪಾಠದಲ್ಲಿ ಚಿಕ್ಕ ಚೌಕಾಕಾರದ ಕಾರುಗಳು ತೆವಳುತ್ತಾ ಬರುತ್ತವೆ. ಚಿತ್ರ ಒರಟು, ಬಣ್ಣ ಢಾಳು. ಆದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದನ್ನು ಅದರಲ್ಲಿ ಕಂಡ ಮೇಲೆ, ಉಡುಪಿಯ ಕಲ್ಸಂಕದ ಜಂಕ್ಷನ್ನಿನಲ್ಲಿ ನಿಂತು ಎಷ್ಟು ಮಂದಿ ಹಾಗೆ ಬಿಡುತ್ತಾರೆಂದು ಎಣಿಸುವ ಕೆಟ್ಟ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಕಡಿದಾದ ಇಕ್ಕಟ್ಟಿನ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬ ನಿಯಮವೂ ಅಲ್ಲಿದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಕಾರಿಗಾಗಿ ಸುಮ್ಮನೆ ನಿಂತದ್ದು ಏಕೆಂದು ಆಗ ಹೊಳೆಯಿತು.

ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆಯನ್ನು ಹಳತೆಂದು ಹಾರಿಸಲು ಹೊರಟಿದ್ದೆ. ಬ್ರಾಡ್‌ಗೇಜ್ ಹಳಿಗಳ ಮೇಲೆ ಅಂತಹ ದಾಟುಗಳನ್ನು 2019ರ ಆರಂಭದ ಹೊತ್ತಿಗೆ ತೆಗೆದುಹಾಕಲಾಗಿದೆ. ಆದರೂ ಮೋಟಾರು ವಾಹನ ಕಾಯ್ದೆಯ 131ನೆಯ ಕಲಮು ಇನ್ನೂ ಉಳಿದಿದೆ: ವಾಹನ ನಿಲ್ಲಿಸಿ, ಕಂಡಕ್ಟರ್ ಅಥವಾ ಸಹಾಯಕ ನಡೆದು ಹೋಗಿ ನೋಡಬೇಕು, ಅವರಿಲ್ಲದಿದ್ದರೆ ಚಾಲಕನೇ ಇಳಿಯಬೇಕು. ಎಲ್‌ಎಲ್‌ಆರ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ ಓದಲೇಬೇಕು.

ನಂಬಲೇಬಾರದ ಭಾಗವೆಂದರೆ ಅಂಕಿಗಳದ್ದು. ಕುಡಿದು ವಾಹನ ಚಲಾಯಿಸಿದರೆ ಮೊದಲ ಬಾರಿಗೆ 2,000 ರೂಪಾಯಿಯವರೆಗೆ ದಂಡ ಎಂದು ಸಿಡಿ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಅದು 10,000. ಲೈಸೆನ್ಸ್ ಇಲ್ಲದೆ ಓಡಿಸಿದರೆ ಅಲ್ಲಿ 500, ಈಗ ಕಾಯ್ದೆಯಲ್ಲಿ 5,000. ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ತೋರಿಸಬಹುದೆಂಬುದು ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ, ಹೆದ್ದಾರಿ 66 ಅದರ ಪಾಲಿಗೆ ಇನ್ನೂ 17. ಲೈಸೆನ್ಸಿನ ಅವಧಿಯೂ ಬದಲಾಗಿದೆ: ಹಳೆಯ ಲೆಕ್ಕದಲ್ಲಿ ನನ್ನದು ಐವತ್ತು ತುಂಬುವಾಗ ಮುಗಿಯಬೇಕಿತ್ತು, ಹೊಸ ಲೆಕ್ಕದಲ್ಲಿ ಹತ್ತು ವರ್ಷ ನಡೆಯುತ್ತದೆ. ತಡವಾಗಿ ಕಲಿತದ್ದಕ್ಕೆ ಮೂರು ವರ್ಷದ ಲಾಭ. ಈ ಅಧ್ಯಾಯಗಳ ಬದಲು ಲೈಸೆನ್ಸಿಗೆ ಅರ್ಜಿ ಹಾಕುವ ಸರ್ಕಾರಿ ‘ಸಾರಥಿ’ ಜಾಲತಾಣದ ಅಭ್ಯಾಸ ಪರೀಕ್ಷೆಯನ್ನು ಬಳಸಿದೆ.

ಗಡಿಯಾರದ ಕೊರತೆಯೂ ಕಾಡಿತು. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಸೆಕೆಂಡುಗಳ ಲೆಕ್ಕವಿರುತ್ತದೆ, ಈ ತಂತ್ರಾಂಶವೋ ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಆದ್ದರಿಂದ ಕೊನೆಯ ಎರಡು ದಿನ ಅಡುಗೆಮನೆಯ ಟೈಮರನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಪಾಸಾಗಲು ಶೇಕಡಾ 60 ಸಾಕು. ನನಗೆ ತಪ್ಪಿದ್ದು ಒಂದೇ ಪ್ರಶ್ನೆ, ಅದೂ ದಂಡದ್ದು.

ಈಗ ಪಕ್ಕದ ಮನೆಯ ಹುಡುಗಿ ಸಂಜೆ ಬಂದು ಅದೇ ಗಣಕದ ಮುಂದೆ ಕೂರುತ್ತಾಳೆ. ಸಿಡಿಯ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿಟ್ಟಿದ್ದೇನೆ: ‘ಚಿಹ್ನೆ ಓದು, ರೂಪಾಯಿ ಓದಬೇಡ.’