ನೋವಿದ್ದದ್ದು ಒಂದು ಹಲ್ಲು, ಕೊರೆದದ್ದು ಮೂರು

ಅಮ್ಮನಿಗೆ ನೋವಿದ್ದದ್ದು ಒಂದೇ ಒಂದು ಹಲ್ಲು, ಮೇಲಿನ ಎಡಗಡೆಯ ದವಡೆ ಹಲ್ಲು. ಎರಡು ತಿಂಗಳಲ್ಲಿ ನಮ್ಮ ತಲೆ ಮೇಲೆ ಬಂದ ಲೆಕ್ಕ 97,420 ರೂಪಾಯಿ. ಆ ಹಲ್ಲಿನ ನೋವು ಮಾತ್ರ ಹೋಗಲಿಲ್ಲ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಹೇಗೆ ನಡೆಯಿತು ಅನ್ನುವುದನ್ನು ಒಂದೂ ಬಿಡದೆ ಬರೆಯುತ್ತೇನೆ, ಯಾಕಂದ್ರೆ ಇದನ್ನು ಆಫೀಸಿನಲ್ಲಿ ಹೇಳಿದಾಗ ಮೂರು ಜನ ಹೆಚ್ಚುಕಡಿಮೆ ಇದೇ ಕಥೆ ಹೇಳಿದರು.

ಯುಗಾದಿ ಮುಗಿಸಿಕೊಂಡು ಅಮ್ಮ ಅರಸೀಕೆರೆಯಿಂದ ಬೆಂಗಳೂರಿಗೆ ಬಂದಿದ್ದಳು. ಎರಡು ದಿನ ಲವಂಗ ಕಚ್ಚಿಕೊಂಡೇ ಕಳೆದಳು. ಮೂರನೇ ರಾತ್ರಿ ನೋಡಿದರೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ಕೂತಿದ್ದಾಳೆ, ಕೆನ್ನೆ ಹಿಡಿದುಕೊಂಡು. ಬೆಳಿಗ್ಗೆ ಆಗುತ್ತಿದ್ದ ಹಾಗೆ ಮೇನ್ ರೋಡಿನಲ್ಲಿದ್ದ ದೊಡ್ಡ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೊರಗೆ 'ಉಚಿತ ತಪಾಸಣೆ' ಅಂತ ಬೋರ್ಡು, ಒಳಗೆ ಏಸಿ, ಸೋಫಾ. ಬೇರೆ ಯಾರನ್ನೂ ವಿಚಾರಿಸಲಿಲ್ಲ. ನೋವು ನಿಂತರೆ ಸಾಕಾಗಿತ್ತು.

ಡಾಕ್ಟರು ಬಂದು ಬಾಯೊಳಗೆ ಪೆನ್ನಿನಂಥ ಒಂದು ಕ್ಯಾಮೆರಾ ಹಾಕಿದರು. ಎದುರಿನ ಟಿವಿಯಲ್ಲಿ ಅಮ್ಮನ ಹಲ್ಲು ಅಂಗೈಯಷ್ಟು ದೊಡ್ಡದಾಗಿ ಕಾಣಿಸಿತು. ಅಲ್ಲೊಂದು ಕಪ್ಪು ಗೆರೆ, ಇಲ್ಲೊಂದು ಕಪ್ಪು ಗೆರೆ. 'ನೋಡಿ, ಇದೂ ಹುಳುಕು, ಇದೂ ಹುಳುಕು. ಒಟ್ಟು ಐದು ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ಬಿಟ್ಟರೆ ಇನ್ಫೆಕ್ಷನ್ ಹರಡತ್ತೆ' ಅಂದರು. ರೂಟ್ ಕೆನಾಲ್ ಅಂದರೆ ಹಲ್ಲನ್ನು ಕೊರೆದು, ಬೇರಿನ ಕೊಳವೆಗಳಲ್ಲಿರುವ ನರ ತೆಗೆದು, ಆ ಜಾಗ ತುಂಬುವುದು. ಐದು ನಿಮಿಷವೂ ಆಗಿರಲಿಲ್ಲ, ಎದ್ದು ಹೋದರು. ದುಡ್ಡಿನ ಮಾತಿಗೆ ಬೇರೆ ಹುಡುಗಿ ಬಂದಳು. ಅವಳು ಡಾಕ್ಟರಲ್ಲ. ಐದು ರೂಟ್ ಕೆನಾಲ್‌ಗೆ 30,000, ಐದು ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್) ಕ್ಯಾಪಿಗೆ 65,000, ಒಸಡು ಕ್ಲೀನಿಂಗಿಗೆ 5,000. ಒಟ್ಟು ಒಂದು ಲಕ್ಷ. 'ಇವತ್ತೇ ಶುರು ಮಾಡಿದ್ರೆ 78,000ಕ್ಕೆ ಮಾಡಿಕೊಡ್ತೀವಿ ಮೇಡಂ, ನಾಳೆ ಬಂದ್ರೆ ಈ ರೇಟ್ ಇರಲ್ಲ' ಅಂದಳು.

ಎದ್ದು ಬರಬೇಕಿದ್ದದ್ದು ಅಲ್ಲೇ. ಹಲ್ಲಿನ ಚಿಕಿತ್ಸೆಗೆ ಇವತ್ತೊಂದು ರೇಟು ನಾಳೆಯೊಂದು ರೇಟು ಯಾಕಿರಬೇಕು ಅಂತ ಕೇಳಬೇಕಿತ್ತು. ಅಮ್ಮ ಮೆಲ್ಲಗೆ ನನ್ನ ಕೈ ಹಿಡಿದು 'ಬೇಡ ಕಣೇ, ಅಷ್ಟೊಂದು ದುಡ್ಡು ಯಾಕೆ, ನೋಯ್ತಿರೋದನ್ನ ಕಿತ್ತುಬಿಡ್ಲಿ ಸಾಕು' ಅಂದಳು. ನಾನೇ 'ಸುಮ್ನಿರಮ್ಮ, ಇನ್ಫೆಕ್ಷನ್ ಅಂತಿದ್ದಾರೆ' ಅಂದೆ. ಆ ಮಾತು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಅದಕ್ಕೂ ಅವರ ಹತ್ತಿರ ದಾರಿ ಇತ್ತು: 'ನೋ ಕಾಸ್ಟ್ ಇಎಂಐ', ಅಂದರೆ ಬಡ್ಡಿಯಿಲ್ಲದ ಕಂತಿನ ಸಾಲ. ನನ್ನ ಫೋನ್ ಇಸಿದುಕೊಂಡು ಪ್ಯಾನು, ಆಧಾರು ಹಾಕಿ ಎರಡು ಓಟಿಪಿ ಕೇಳಿದರು. ಹತ್ತು ನಿಮಿಷದಲ್ಲಿ ನನ್ನ ಹೆಸರಿನಲ್ಲಿ 78,000 ರೂಪಾಯಿ ಸಾಲ ಆಗಿಹೋಯಿತು. ತಿಂಗಳಿಗೆ 6,500, ಹನ್ನೆರಡು ಕಂತು, ಮೇಲೆ ಪ್ರೊಸೆಸಿಂಗ್ ಫೀಸು 1,770. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಇಂಥ ಸಾಲದಲ್ಲಿ ಸಾಲ ಕೊಡುವ ಕಂಪನಿ ಅಷ್ಟೂ ದುಡ್ಡನ್ನು ಮೊದಲೇ ಕ್ಲಿನಿಕ್ಕಿಗೆ ಕೊಟ್ಟುಬಿಡುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತರೂ, ಕೆಟ್ಟರೂ, ಕಂತು ನೀವು ಕಟ್ಟಲೇಬೇಕು. ತಪ್ಪಿದರೆ ಸಿಬಿಲ್ ಸ್ಕೋರ್ (ಮುಂದೆ ಸಾಲ ಕೊಡುವವರು ನೋಡುವ ಅಂಕ) ಬೀಳುವುದು ನಿಮ್ಮದು, ಕ್ಲಿನಿಕ್ಕಿನದಲ್ಲ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ 'ಕೂಲಿಂಗ್ ಆಫ್' ಅಂತ ಒಂದು ಅವಧಿ ಇದೆ, ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಹಿಂದಿರುಗಿಸಿ ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನ ಅನ್ನುವುದು ಸಾಲದ ಜೊತೆ ಬರುವ, ಮುಖ್ಯ ಷರತ್ತುಗಳೆಲ್ಲ ಇರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ನನಗೆ ಅದು ಇಮೇಲಿನಲ್ಲಿ ಬಂದಿತ್ತು. ಓದಿದ್ದು ಒಂದು ತಿಂಗಳಾದ ಮೇಲೆ.

ಅವತ್ತೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮೂರು ಹಲ್ಲು ಕೊರೆದರು. ಮೂರರಲ್ಲಿ ಎರಡು ಅಮ್ಮನಿಗೆ ಜನ್ಮದಲ್ಲಿ ಒಂದು ದಿನವೂ ನೋಯದ ಹಲ್ಲುಗಳು. ಯಾಕೆ ಮೂರನ್ನೂ ಒಟ್ಟಿಗೆ ಕೊರೆದರು ಅಂತ ಆಮೇಲೆ ಅರ್ಥವಾಯಿತು: ಒಮ್ಮೆ ಕೊರೆದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಯಾರೂ ಬೇರೆ ಡಾಕ್ಟರ ಹತ್ತಿರ ಹೋಗುವುದಿಲ್ಲ ಅಲ್ವಾ.

ಅಲ್ಲಿಂದ ಪ್ರತಿ ಸಲ ಹೋದಾಗಲೂ ಹೊಸ ಡಾಕ್ಟರು, ಹೊಸ ಬಿಲ್ಲು. ಬಾಯಿ ಪೂರ್ತಿ ತೆಗೆಯುವ ಓಪಿಜಿ ಎಕ್ಸ್‌ರೇಗೆ 900. ಮೆಷಿನ್ನಿನಲ್ಲಿ ಕೆನಾಲ್ ಮಾಡಿದ್ದಕ್ಕೆ ಹಲ್ಲಿಗೆ 1,500. ಕ್ಯಾಪ್ ನಿಲ್ಲುವುದಕ್ಕೆ 'ಪೋಸ್ಟ್ ಅಂಡ್ ಕೋರ್' ಅಂತ ಹಲ್ಲಿಗೆ 3,500. ಗ್ಲೌಸು, ಕಿಟ್ಟು ಅಂತ ಹೋದಾಗಲೆಲ್ಲ 250, ಏಳು ಸಲ. ಇದೆಲ್ಲ ಸೇರಿ 17,650. 'ಮೊದಲೇ ಹೇಳಲಿಲ್ವಲ್ಲ' ಅಂದರೆ 'ಪ್ಯಾಕೇಜ್‌ನಲ್ಲಿ ಇದು ಬರಲ್ಲ ಮೇಡಂ' ಅನ್ನುವ ಉತ್ತರ. ಅರ್ಧ ಕೊರೆದ ಹಲ್ಲು, ಬಾಯಿ ತೆರೆದುಕೊಂಡು ಮಲಗಿರುವ ಅಮ್ಮ. ಕೊಡದೆ ಏನು ಮಾಡುವುದು?

ಅಮ್ಮನ ಹೆಸರಿನಲ್ಲಿ ವರ್ಷವೂ ಕಟ್ಟುವ ಆರೋಗ್ಯ ವಿಮೆ ಇದೆ, ಸ್ವಲ್ಪವಾದರೂ ಬರಬಹುದು ಅಂದುಕೊಂಡಿದ್ದೆ. ಒಂದು ರೂಪಾಯಿ ಬರಲಿಲ್ಲ. ಸಾಮಾನ್ಯ ಪಾಲಿಸಿಗಳಲ್ಲಿ ಹಲ್ಲಿನ ಚಿಕಿತ್ಸೆ ಸೇರಿರುವುದಿಲ್ಲ. ಅಪಘಾತದಲ್ಲಿ ಪೆಟ್ಟಾಗಿ ಆಸ್ಪತ್ರೆಗೆ ಸೇರಿದ್ದರೆ ಮಾತು ಬೇರೆ. ನಿಮ್ಮ ಪಾಲಿಸಿಯಲ್ಲಿ ಓಪಿಡಿ ಕವರ್ (ಆಸ್ಪತ್ರೆಗೆ ಸೇರದೆ ಮಾಡಿಸುವ ಚಿಕಿತ್ಸೆಗೆ ವಿಮೆ) ಇದೆಯಾ, ಅದರಲ್ಲಿ ಹಲ್ಲು ಬರುತ್ತದಾ ಅಂತ ಇವತ್ತೇ ತೆಗೆದು ನೋಡಿ.

ಕ್ಯಾಪ್ ಹಾಕಿದ ಮೇಲೂ ಮೇಲಿನ ಹಲ್ಲು ನೋಯುತ್ತಲೇ ಇತ್ತು. ಎಡಗಡೆ ಅನ್ನದ ಅಗಳು ಸಿಕ್ಕಿದರೂ ಅಮ್ಮ ಮುಖ ಹಿಂಡುತ್ತಿದ್ದಳು. ಕ್ಲಿನಿಕ್ಕಿನಲ್ಲಿ 'ಅಡ್ಜಸ್ಟ್ ಆಗತ್ತೆ, ಟೈಮ್ ಕೊಡಿ' ಅಂದರು. ಬೇರೆಯವರಿಗೆ ತೋರಿಸುತ್ತೇನೆ, ಎಕ್ಸ್‌ರೇ ಕೊಡಿ ಅಂದೆ. 'ಸಿಸ್ಟಮ್‌ನಲ್ಲಿದೆ, ಹೊರಗೆ ಕೊಡೋಕೆ ಬರಲ್ಲ' ಅಂದರು. ಇದು ತಪ್ಪು. ನಮ್ಮ ದಾಖಲೆಯ ಪ್ರತಿ ಕೇಳುವುದು ನಮ್ಮ ಹಕ್ಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದೂ ಹಕ್ಕು. ಅವತ್ತು ನನಗೆ ಅದು ಗೊತ್ತಿರಲಿಲ್ಲ, ಬರಿಗೈಯಲ್ಲಿ ಬಂದೆ.

ನಮ್ಮ ಎದುರು ಮನೆಯ ಆಂಟಿ 'ಕೋಟೆ ಹತ್ರ ಸರ್ಕಾರಿ ಡೆಂಟಲ್ ಕಾಲೇಜಿದೆ, ಅಲ್ಲಿಗೆ ಹೋಗಮ್ಮ' ಅಂದರು. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ವಿಕ್ಟೋರಿಯಾ ಆಸ್ಪತ್ರೆ ಕಡೆಗೆ ನಡೆದರೆ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಕ್ಯೂ ಉದ್ದ ಇರುತ್ತದೆ, ಒಂದು ವಿಭಾಗದಿಂದ ಇನ್ನೊಂದಕ್ಕೆ ಓಡಾಡಬೇಕು. ನಮಗೆ ಅರ್ಧ ದಿನ ಹಿಡಿಯಿತು. ಅದು ಗೊತ್ತಿದ್ದೇ ಹೋಗಿ.

ಅಲ್ಲಿ ನೋಡಿದ್ದು ಎಂಡಿಎಸ್, ಅಂದರೆ ದಂತವೈದ್ಯದಲ್ಲಿ ಸ್ನಾತಕೋತ್ತರ ಪದವಿ, ಓದುತ್ತಿರುವ ಹುಡುಗಿ. ಮೊದಲು ಕೇಳಿದ್ದು 'ಯಾವ ಹಲ್ಲಮ್ಮ, ಬೆರಳಿಟ್ಟು ತೋರಿಸಿ' ಅಂತ. ಆಮೇಲೆ ಸಣ್ಣ ಕನ್ನಡಿ ಹಿಡಿದು ಒಂದೊಂದೇ ಹಲ್ಲು ತಟ್ಟಿ ನೋಡಿದಳು. ಇನ್ನೂ ಕೊರೆಯದೆ ಉಳಿದಿದ್ದ ಎರಡು 'ಹುಳುಕು' ಹಲ್ಲುಗಳ ಬಗ್ಗೆ ಕೇಳಿದೆ. ಹತ್ತಿಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತಿದಳು. ಅಮ್ಮ 'ಜುಂ ಅಂತು' ಅಂದಳು. 'ಈಗ?' 'ಈಗಿಲ್ಲ.' ಅಷ್ಟೇ. ಚಳಿ ತಾಗಿ ಕೂಡಲೇ ಹೋದರೆ ಒಳಗಿನ ನರ ಚೆನ್ನಾಗಿದೆ ಅಂತ. ಹತ್ತಿ ತೆಗೆದ ಮೇಲೂ ನೋವು ಎಳೆಯುತ್ತಾ ಇದ್ದರೆ ನರಕ್ಕೆ ತೊಂದರೆ ಇರಬಹುದು, ಏನೂ ಗೊತ್ತಾಗದಿದ್ದರೆ ನರ ಸತ್ತಿರಬಹುದು. ಜೊತೆಗೆ ಚಿಕ್ಕ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದಳು: 'ಹುಳುಕಿದ್ರೆ ಇಲ್ಲಿ ಕಪ್ಪಗೆ ತೂತು ಥರ ಕಾಣಬೇಕು, ಅದು ನರದ ಹತ್ರ ಹೋಗಿದ್ರೆ ಮಾತ್ರ ರೂಟ್ ಕೆನಾಲ್ ಮಾತು. ನಿಮ್ಮದು ಬರೀ ಕಲೆ. ಎಲೆ ಅಡಿಕೆ ಹಾಕ್ತೀರಾ?' ಅಮ್ಮ ತಲೆ ತಗ್ಗಿಸಿದಳು.

ಇಷ್ಟು ನೋಡುವುದಕ್ಕೆ ಹಿಡಿದದ್ದು ಹದಿನೈದು ನಿಮಿಷ. ಆ ಏಸಿ ಕ್ಲಿನಿಕ್ಕಿನಲ್ಲಿ ಈ ಚಳಿ ಪರೀಕ್ಷೆ ಒಂದು ಸಲವೂ ಮಾಡಿರಲಿಲ್ಲ. ಕ್ಯಾಮೆರಾದಲ್ಲಿ ಕಂಡ ಕಪ್ಪು ಗೆರೆಯನ್ನೇ ಹುಳುಕು ಅಂತ ಮಾರಿದ್ದರು.

ನೋಯುತ್ತಿದ್ದ ಹಲ್ಲಿನ ಕಥೆ ಇನ್ನೂ ಬೇಸರದ್ದು. ಮೇಲಿನ ದವಡೆ ಹಲ್ಲಿಗೆ ಬೇರು ಮೂರಿದ್ದರೂ ಎಷ್ಟೋ ಜನರಲ್ಲಿ ಕೆನಾಲ್ ನಾಲ್ಕಿರುತ್ತವಂತೆ, ನಾಲ್ಕನೆಯದು ತುಂಬಾ ಸಣ್ಣದು, ಹುಡುಕಿ ತೆಗೆಯಬೇಕು. ಅಮ್ಮನ ಹಲ್ಲಿನಲ್ಲಿ ಅದನ್ನು ಹಾಗೇ ಬಿಟ್ಟು ಮುಚ್ಚಿದ್ದರು. ಕೀವು ಒಳಗೇ ಇತ್ತು. ಅದೇ ಕಾಲೇಜಿನಲ್ಲಿ ಕ್ಯಾಪ್ ಕತ್ತರಿಸಿ, ನಾಲ್ಕು ಸಲ ಕರೆಸಿ, ಮತ್ತೆ ಮಾಡಿದರು. ಅಲ್ಲಿ ಕಟ್ಟಿದ ದುಡ್ಡು ಕ್ಲಿನಿಕ್ಕಿನವರ ಒಂದು 'ಪೋಸ್ಟ್ ಅಂಡ್ ಕೋರ್'ಗಿಂತ ಕಡಿಮೆ. ಕೆನಾಲ್ ತಪ್ಪಿಹೋಗುವುದು ಒಳ್ಳೆಯ ಡಾಕ್ಟರ ಕೈಯಲ್ಲೂ ಆಗಬಹುದು, ಅದಕ್ಕೆ ನನಗೆ ಕೋಪ ಇಲ್ಲ. ನೋವು ಅಂತ ಮೂರು ಸಲ ಹೋದಾಗಲೂ ಒಂದು ಎಕ್ಸ್‌ರೇ ತೆಗೆದು ನೋಡಲಿಲ್ಲವಲ್ಲ, ಅದಕ್ಕೆ ಕೋಪ.

ಆಮೇಲೆ ಕ್ಲಿನಿಕ್ಕಿಗೆ ಹೋಗಿ, ಮುಟ್ಟದ ಎರಡು ಹಲ್ಲಿನ ದುಡ್ಡು ವಾಪಸ್ ಕೊಡಿ ಅಂದೆ. 'ನೀವು ಸೈನ್ ಮಾಡಿದ್ದೀರಿ, ರಿಫಂಡ್ ಇಲ್ಲ' ಅಂದರು. ಬಾಯಿ ಮಾತು ಬಿಟ್ಟು ಕಾಗದದಲ್ಲಿ ಬರೆದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಮಾಡಿಸಿರಬೇಕು, ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಿರಬೇಕು. ಇವರ ಗೋಡೆ ಮೇಲೆ ನಗುವ ಮುಖಗಳ ಪೋಸ್ಟರ್ ಬಿಟ್ಟರೆ ಏನೂ ಇರಲಿಲ್ಲ, ಅದರ ಫೋಟೋ ಇಟ್ಟೆ. ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತಲೂ ಬರೆದೆ. ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲ ಹೆಜ್ಜೆಗೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆರು ವಾರ ಎಳೆದಾಡಿ ಕೊನೆಗೆ 24,000 ವಾಪಸ್ ಕೊಟ್ಟರು, ಎಕ್ಸ್‌ರೇ ಪ್ರತಿಯೂ ಬಂತು. ಉಳಿದದ್ದು ಹೋಯಿತು. ನೋವಿಲ್ಲದಿದ್ದರೂ ಕೊರೆದ ಆ ಎರಡು ಹಲ್ಲಿನ ನರವೂ ಹೋಯಿತು, ಅದು ಯಾವ ಆಯೋಗಕ್ಕೆ ಹೋದರೂ ವಾಪಸ್ ಬರುವುದಿಲ್ಲ.

ನೋವು ಜೋರಾಗಿದ್ದಾಗ ಯಾರ ತಲೆಯೂ ಓಡುವುದಿಲ್ಲ. ಅದಕ್ಕೆ ಅವತ್ತು ನೋವಿರುವ ಹಲ್ಲಿಗೆ ಮಾತ್ರ ಕೈ ಹಾಕಿಸಿ. 'ಇದೊಂದು ಮಾಡಿ, ಉಳಿದದ್ದು ಮನೆಯಲ್ಲಿ ಕೇಳಿ ಹೇಳ್ತೀವಿ' ಅನ್ನಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದ ಸ್ಥಿತಿ ಇದ್ದರೆ ಮಾತ್ರ ಕಾಯಬೇಡಿ, ಅದು ನಿಜವಾದ ತುರ್ತು. ಇಲ್ಲದಿದ್ದರೆ ಎರಡನೇ ಡಾಕ್ಟರಿಗೆ ತೋರಿಸುವಷ್ಟು ಸಮಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿಗೆ ಹೋದಾಗ ಮೊದಲನೆಯವರು ಏನು ಹೇಳಿದರು ಅಂತ ಹೇಳಬೇಡಿ. ಬರೀ ನೋವು ಹೇಳಿ, ಅವರೇ ಏನು ಹೇಳುತ್ತಾರೆ ನೋಡಿ. ಅಂದಾಜು ಪಟ್ಟಿ ಬರೆಸಿಕೊಳ್ಳುವಾಗ ಹಲ್ಲಿನ ನಂಬರ್ ಸಮೇತ ಬರೆಸಿ, ಕ್ಯಾಪ್ ಮೆಟಲ್ಲಾ, ಮೆಟಲ್ ಮೇಲೆ ಸೆರಾಮಿಕ್ಕಾ, ಜಿರ್ಕೋನಿಯಾನಾ ಅಂತ ಕೇಳಿ, ಒಳಗೆ ಕಾಣದ ಹಲ್ಲಿಗೆ ದುಬಾರಿಯದೇ ಯಾಕೆ ಬೇಕು ಅಂತಲೂ ಕೇಳಿ. 'ಇದರ ಮೇಲೆ ಇನ್ನೇನಾದ್ರೂ ಬರತ್ತಾ?' ಅನ್ನುವ ಒಂದು ಪ್ರಶ್ನೆ ಕೇಳಿದ್ದರೆ ನಮಗೆ 17,650 ಉಳಿಯುತ್ತಿತ್ತು. ಬೋರ್ಡಿನ ಮೇಲೆ ಎಂಡಿಎಸ್ ಅಂತ ಇದ್ದರೆ ಸಾಲದು, ನಿಮ್ಮ ಹಲ್ಲಿಗೆ ಕೈ ಹಾಕುವವರು ಯಾರು, ಮುಂದಿನ ಸಲವೂ ಅವರೇ ಇರುತ್ತಾರಾ ಅಂತ ಕೇಳಿ.

ಬೆಂಗಳೂರಿಗೇ ಬರಬೇಕು ಅಂತಲೂ ಇಲ್ಲ. ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್‌ಡಿಎಂ, ಮೈಸೂರಿನ ಜೆಎಸ್‌ಎಸ್, ಮಣಿಪಾಲ, ಹೀಗೆ ಡೆಂಟಲ್ ಕಾಲೇಜುಗಳು ರಾಜ್ಯದ ತುಂಬಾ ಇವೆ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಜನ ಹೆದರುತ್ತಾರೆ, ಆದರೆ ಮೇಲೆ ಪ್ರೊಫೆಸರು ನೋಡುತ್ತಾರೆ, ಅವರಿಗೆ ನಿಮ್ಮ ಐದು ಹಲ್ಲು ಕೊರೆದು ಟಾರ್ಗೆಟ್ ಮುಟ್ಟಿಸುವ ಅವಸರ ಇಲ್ಲ. ನಮ್ಮ ಅರಸೀಕೆರೆಗೆ ಹತ್ತಿರ ಹಾಸನದಲ್ಲೇ ಹಾಸನಾಂಬ ಡೆಂಟಲ್ ಕಾಲೇಜಿದೆ. ಅಮ್ಮ ಅಲ್ಲೇ ತೋರಿಸಿಕೊಂಡಿದ್ದರೆ ಆಗುತ್ತಿತ್ತು.

ಈಗ ಅಮ್ಮ ಊರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಹೋಗುತ್ತಾಳೆ. ಸಣ್ಣ ಕ್ಲಿನಿಕ್ಕು, ಎರಡು ಬೆಂಚು, ಗೋಡೆಗೆ ದರಪಟ್ಟಿ ಅಂಟಿಸಿದೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಕವರಿನಲ್ಲಿಟ್ಟುಕೊಂಡು ಹೋಗಿದ್ದ ಎಕ್ಸ್‌ರೇಗಳನ್ನೆಲ್ಲ ಕಿಟಕಿಗೆ ಹಿಡಿದು ನೋಡಿದರು, ಕಪ್ಪು ಗೆರೆಯ ಆ ಎರಡು ಹಲ್ಲನ್ನೂ ಚುಚ್ಚಿ ನೋಡಿದರು. 'ಇದಕ್ಕೇನೂ ಬೇಡಮ್ಮ, ಹಂಗೇ ಇರ್ಲಿ. ಅಡಿಕೆ ಬಿಡಿ, ಆರು ತಿಂಗಳು ಬಿಟ್ಟು ಬನ್ನಿ' ಅಂದು 200 ರೂಪಾಯಿ ತೆಗೆದುಕೊಂಡರು. ಅಮ್ಮ ಹೊರಗೆ ಬಂದು ಆ ಕವರನ್ನು ಎರಡು ಸಲ ಮಡಚಿ ಸೆರಗಿನೊಳಗೆ ಭದ್ರವಾಗಿ ಇಟ್ಟುಕೊಂಡಳು.