ಆನೆಗೊಂದಿಯ ಮಾಳಿಗೆ ಮನೆಯೋ, ಗಂಗಾವತಿಯ ಲಾಡ್ಜೋ?

ಹಂಪಿಯ ಎದುರು ದಂಡೆಯಲ್ಲಿರುವ ಆನೆಗೊಂದಿ ನೋಡಲು ಬರುವವರು ಕರೆಂಟ್, ನಲ್ಲಿ ಇಲ್ಲದ ಹಳೆಯ ಒಕ್ಕಲು ಮನೆಯಲ್ಲಿ ಇಳಿಯಬೇಕೋ, ಗಂಗಾವತಿಯ ಲಾಡ್ಜಿನಲ್ಲೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ನೀವು ಬರುವ ತಿಂಗಳನ್ನು ಅವಲಂಬಿಸಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ (ಸಪಾಟು ಚಾವಣಿಯ) ಮನೆಯ ಪಡಸಾಲೆ ಮಧ್ಯಾಹ್ನ ತಂಪಾಗಿಯೇ ಇದ್ದರೂ, ಹಗಲೆಲ್ಲ ಹೀರಿದ ಕಾವನ್ನು ಗೋಡೆಗಳು ರಾತ್ರಿ ಬಿಡುವುದರಿಂದ, ಫ್ಯಾನಿಲ್ಲದೆ ಒಳಗೆ ನಿದ್ದೆ ಬರುವುದು ಕಷ್ಟ; ಮಾಳಿಗೆಯ ಮೇಲೆ ಸೊಳ್ಳೆಪರದೆ ಕಟ್ಟಿಕೊಂಡು ಮಲಗಬೇಕಾಗುತ್ತದೆ. (ನನಗೆ ಅದೇ ಇಷ್ಟ, ಆದರೆ ಎಲ್ಲರಿಗೂ ಅಲ್ಲ.) ಮಳೆಗಾಲದಲ್ಲಿ ಮಾಳಿಗೆ ಸೋರಬಹುದು. ಡಿಸೆಂಬರ್, ಜನವರಿಯಲ್ಲಿ ಈ ಎರಡೂ ತೊಂದರೆಗಳಿಲ್ಲ.

ಸೇದಿ ತಂದ ನೀರು, ಕಟ್ಟಿಗೆಯೊಲೆಯ ಹಂಡೆ ಮಕ್ಕಳಿಗೆ ಆಟವಾಗಬಹುದು. ಮಂಡಿನೋವಿನ ಹಿರಿಯರಿಗೆ ಇರುಳಲ್ಲಿ ಹಿತ್ತಲಿನ ಶೌಚಾಲಯಕ್ಕೆ ಹೋಗುವುದು ಶಿಕ್ಷೆಯೇ ಸರಿ. ಅಂಥವರು ಜೊತೆಗಿದ್ದರೆ ಲಾಡ್ಜೇ ಲೇಸು.

ಬಾಡಿಗೆ ಹೋಲಿಸುವಾಗ ಲಾಡ್ಜಿನ ಲೆಕ್ಕಕ್ಕೆ ದಿನನಿತ್ಯದ ಆಟೋ ಖರ್ಚನ್ನೂ ಸೇರಿಸಿ. ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಬಿಸಿಲೇರುವ ಮುನ್ನ ಹತ್ತಬೇಕೆಂದಿರುವವರಿಗೆ ಆನೆಗೊಂದಿಯಲ್ಲೇ ಉಳಿಯುವುದು ಅನುಕೂಲ. ಫೋನನ್ನು ಮಾತ್ರ ಮೊದಲೇ ಚಾರ್ಜ್ ಮಾಡಿಕೊಂಡು, ಜೊತೆಗೊಂದು ಟಾರ್ಚ್ ತನ್ನಿ.